ಎಡಗಡೆಯ ಸೀಟು

ಉಮರ್ಗಾದ ಪೇಟೆಯಲ್ಲಿ ರೇವಣಸಿದ್ಧನ ಅರಿವೆ ಅಂಗಡಿ ಹುಡುಕಿಕೊಂಡು ಬಂದವರಿಗೆ ಅಂಗಡಿಯ ಹೆಸರು ಹೇಳಿದರೆ ತಿಳಿಯುತ್ತಿರಲಿಲ್ಲ. ‘ಇಲಿ ಗಾಡಿ ನಿಂತದ ನೋಡ್ರಿ, ಅದೇ’ ಎಂದರೆ ಸೀದಾ ಬಂದು ಮುಟ್ಟುತ್ತಿದ್ದರು.

ಇಲಿ ಗಾಡಿ ಎಂಬುದು ಪೇಟೆಯವರು ಚೇಷ್ಟೆಗೆ ಇಟ್ಟ ಹೆಸರಲ್ಲ. ಅದು ಇಟಲಿ ದೇಶದಲ್ಲಿ ತಯಾರಾದ ಹಳೆಯ ಫಿಯೆಟ್. ಟೋಪೋಲಿನೋ ಎಂದು ಅದರ ಹೆಸರು. ಆ ದೇಶದ ಮಾತಿನಲ್ಲಿ ಹಾಗೆಂದರೆ ಸಣ್ಣ ಇಲಿ. ಮುಂದಿನ ಗಾಲಿಗಳ ಮೇಲೆ ಕಿವಿ ನಿಮಿರಿಸಿದಂತೆ ಎರಡು ದೀಪ, ಚೂಪು ಮೂತಿ, ಹಿಂದಕ್ಕೆ ಸುತ್ತಿಡಬಹುದಾದ ಕ್ಯಾನ್ವಾಸಿನ ಟಪ. ಒಳಗೆ ಎರಡೇ ಸೀಟು. ಬಲಗಡೆಯದರಲ್ಲಿ ಗಾಡಿ ನಡೆಸುವವನು ಕೂಡಬೇಕು, ಎಡಗಡೆಯದರಲ್ಲಿ ಇನ್ನೊಬ್ಬರು. ಹಿಂದೆ ಒಂದು ಗಂಟು ಇಡುವಷ್ಟು ಜಾಗ, ಅಷ್ಟೇ.

ಆ ಎಡಗಡೆಯ ಸೀಟಿನಲ್ಲಿ ಜೀವಂತ ಮನುಷ್ಯರು ಯಾರೂ ಕೂಡುತ್ತಿರಲಿಲ್ಲ. ಅದು ಹಾಗೆ ಆದದ್ದು ಹೇಗೆ ಎಂದು ಹೇಳಬೇಕಾದರೆ ಗಾಡಿ ಬಂದ ದಿನದಿಂದ ಹೇಳಬೇಕು.

ಪೊಲೀಸ್ ಆಕ್ಷನ್ ಆಗಿ ನಿಜಾಮರ ರಾಜ್ಯ ಮುಗಿದ ಮೇಲೆ ಉದಗೀರದ ಕಡೆಯ ಒಂದು ಜಾಗೀರದಾರರ ಮನೆತನ ಹೈದರಾಬಾದಿಗೆ ಎದ್ದು ಹೊರಟಿತು. ಒಯ್ಯಲಾರದ್ದನ್ನೆಲ್ಲ ಮಾರುತ್ತಿದ್ದರು. ರೇವಣಸಿದ್ಧ ಅಲ್ಲಿಗೆ ಹೋದದ್ದು ಜಮಖಾನೆ ನೋಡಲಿಕ್ಕೆ. ದನದ ಕೊಟ್ಟಿಗೆಯಲ್ಲಿ ಜೋಳದ ಕಣಿಕೆಯ ರಾಶಿಯ ಕೆಳಗಿನಿಂದ ಒಂದು ದೀಪದ ಕಣ್ಣು ಹಣಿಕಿ ಹಾಕುತ್ತಿತ್ತು. ಕಣಿಕೆ ಸರಿಸಿದರೆ ಈ ಗಾಡಿ. ಸೀಟಿನ ಮೇಲೆ ಕೋಳಿಯೊಂದು ಕಾವು ಕೂತಿತ್ತು. ಎಬ್ಬಿಸಲು ಹೋದವನ ಕೈಯನ್ನು ಅದು ಕುಕ್ಕಿತು. ಆ ಗಾಯ ಮಾಯುವುದರೊಳಗೆ ಗಾಡಿ ಇವನದಾಗಿತ್ತು. ಜಾಗೀರದಾರರ ಮುದಿ ಡ್ರೈವರನೇ ನಿಲಂಗಾದ ದಾರಿಯಲ್ಲಿ ಅವನಿಗೆ ಗಾಡಿ ಕಲಿಸಿದ. ಗೇರ್ ಹಾಕುವಾಗೊಮ್ಮೆ ‘ಆಹಿಸ್ತಾ, ಆಹಿಸ್ತಾ’, ಮೆಲ್ಲಗೆ ಮೆಲ್ಲಗೆ, ಎನ್ನುತ್ತಿದ್ದ; ರೇವಣಸಿದ್ಧನಿಗೆ ಆ ಮಾತು ಎಷ್ಟು ರೂಢಿಯಾಯಿತೆಂದರೆ ಮುಂದೆ ಒಬ್ಬನೇ ಹೋಗುವಾಗಲೂ ಗೇರಿಗೆ ಕೈ ಹಚ್ಚಿದರೆ ತುಟಿ ತಾನೇ ಆಡುತ್ತಿತ್ತು.

ಆ ಗಾಡಿಯಿಂದ ಅವನಿಗೆ ಸಿಕ್ಕ ಸುಖ ಸಣ್ಣದಲ್ಲ. ಅರಿವೆ ಅಂಗಡಿಯವನಾದ್ದರಿಂದ ಒರೆಸಲಿಕ್ಕೆ ಮಲ್‌ಮಲ್ಲಿನ ತುಂಡುಗಳಿಗೆ ಬರವಿರಲಿಲ್ಲ. ಐತವಾರ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಧೋತರ ಮೇಲೆ ಕಟ್ಟಿ, ಮೂತಿಯಿಂದ ಸುರು ಮಾಡಿ ಹಿಂದಿನ ಗಾಲಿಯ ತನಕ ಒರೆಸುತ್ತಿದ್ದ. ಎಂಜಿನ್ ಚಾಲೂ ಆದರೆ ಪಕ್ಕದ ದರ್ಜಿಯ ಮಷೀನಿನಂತೆಯೇ ಸದ್ದು. ಆಮೇಲೆ ಸೋಲಾಪುರದ ದೊಡ್ಡ ರಸ್ತೆ ಹಿಡಿದು ಯೆಣೆಗೂರದ ತನಕ ಹೋಗಿ, ಅಲ್ಲಿ ಒಂದು ಚಹಾ ಕುಡಿದು, ತಿರುಗಿ ಬರುತ್ತಿದ್ದ. ಹೋಗಲಿಕ್ಕೆ ಕೆಲಸ ಬೇಕೆಂದೇನಿರಲಿಲ್ಲ.

ಒಂದೇ ಕೊರತೆ. ಹೆಂಡತಿ ಶಿವಗಂಗಾಬಾಯಿ ಎಡಗಡೆ ಬಾಜೂಕ ಕೂಡಲಿಲ್ಲ.

ಮನೆ ಅಂಗಡಿಯ ಹಿಂದೆಯೇ. ರೇವಣಸಿದ್ಧನ ತಾಯಿ ಪ್ರಯಾಗಬಾಯಿ ದಿನವಿಡೀ ತಲೆಬಾಗಿಲಲ್ಲಿ ಕೂತು ಕಾಳು ಹಸನು ಮಾಡುತ್ತಿದ್ದಳು. ಅತ್ತೆಯ ಎದುರು ಗಂಡನ ಕೂಡ ಮಾತಾಡುವುದೇ ಕಡಿಮೆ. ಇನ್ನು ಟಪ ತೆಗೆದ ಗಾಡಿಯಲ್ಲಿ ಗಂಡನ ಬಾಜೂಕ ಕೂತು ಬಜಾರದಿಂದ ಹಾದು ಹೋಗುವುದೆಂದರೆ!

“ಜರಾ ಯೆಣೆಗೂರ ತನಕ ಬಾ. ಹಿಂಗ ಹೋಗಿ ಹಂಗ ಬಂದ್ಬಿಡೋಣು,” ಎಂದು ಅವನು ಒಳಗೆ ಬಂದು ಪಿಸುಗುಡುತ್ತಿದ್ದ.

“ನಿಮಗೇನ್ ಹುಚ್ಚ ಹಿಡದದೇನ್ರಿ? ಅತ್ತಿಯವರು ಬಾಗಿಲದಾಗೇ ಕುಂತಾರ.”

“ಟಪ ಹಾಕ್ತೀನಿ. ಯಾರಿಗೂ ಕಾಣಂಗಿಲ್ಲ.”

“ಟಪ ಹಾಕಿದ್ರ ಬಗ್ಗಿ ಬಗ್ಗಿ ನೋಡ್ತಾರ ಜನ. ಹೋಗ್ರಿ ನೀವು.”

ಹಾಗೆಂದು ಆಕೆಗೆ ಗಾಡಿಯ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ. ಅಮಾವಾಸ್ಯೆಗೊಮ್ಮೆ ಅದರ ಮೂತಿಗೆ ಕುಂಕುಮ ಹಚ್ಚಿ, ನಿಂಬೆಹಣ್ಣು ಇಳಿಸುತ್ತಿದ್ದಳು. ಕೋಳಿ ಕೆದರಿ ಹಾಳು ಮಾಡಿದ್ದ ಎಡಗಡೆಯ ಸೀಟಿಗೆ ಹಸಿರು ಖಣದ ತುಂಡುಗಳನ್ನು ಜೋಡಿಸಿ ಗವಸು ಹೊಲಿದವಳು ಆಕೆಯೇ. ಹೊಲಿದು, ಹಾಕಿ, ಮೇಲೆ ಅಂಗೈ ಇಟ್ಟು ಒತ್ತಿ ನೋಡಿದಳು. ಕೂಡಲಿಲ್ಲ. ಮುಂದಿನ ವರ್ಷ ನೋಡೋಣ, ಇನ್ನಷ್ಟು ಹಳಬಳಾದ ಮೇಲೆ ನೋಡೋಣ ಎಂದು ಇಬ್ಬರೂ ಅಂದುಕೊಂಡರು. ಮಕ್ಕಳಾಗಿದ್ದರೆ ಮಕ್ಕಳ ನೆವದಲ್ಲಾದರೂ ಕೂಡುತ್ತಿದ್ದಳೇನೋ. ಆಗಲಿಲ್ಲ.

ಅತ್ತೆಯಾದರೂ ಎಂದೂ ಬೇಡವೆಂದಿರಲಿಲ್ಲ. ಸೊಸೆ ಕೇಳಿದರೆ ಹೂಂ ಅನ್ನುತ್ತಿದ್ದಳು. ಸೊಸೆಯಾದವಳು ಅಂಥದ್ದನ್ನು ಕೇಳುವುದಿಲ್ಲ. ಕೇಳದೆ ಇದ್ದುದನ್ನು ಅತ್ತೆಯಾದವಳು ತಾನಾಗಿ ಹೇಳುವುದಿಲ್ಲ. ಒಂದು ಮಾತಿಗೆ ಮೂರು ಜನ ಒಂದೇ ಮನೆಯಲ್ಲಿ ಕಾಯುತ್ತಾ ಕೂತಿದ್ದರು.

ಕುಸುಬಿ ಹೂ ಬಿಡುವ ಚಳಿಯ ದಿನಗಳಲ್ಲಿ ಶಿವಗಂಗಾಬಾಯಿ ತವರಿಗೆ, ನಿಲಂಗಾಕ್ಕೆ ಹೋದಳು. ಅಣ್ಣ ವೈಜನಾಥನ ಮಗಳ ತೊಟ್ಟಿಲ ಕಾರ್ಯವಿತ್ತು. ಕಾರ್ಯ ಮುಗಿದರೂ ಆಕೆಗೆ ಬಂದ ಜ್ವರ ಬಿಡಲಿಲ್ಲ. ವಿಷಮಜ್ವರವೆಂದು ವೈದ್ಯರು ಹೇಳುವಷ್ಟರಲ್ಲಿ ತಡವಾಗಿತ್ತು. ಸುದ್ದಿ ಮುಟ್ಟಿ ರೇವಣಸಿದ್ಧ ಗಾಡಿ ಹೊಡೆದುಕೊಂಡು ಹೋದಾಗ ಆಕೆಗೆ ಗುರುತು ಸಿಕ್ಕಿತು. ‘ಗಾಡಿ ತಂದೀರೇನು?’ ಎಂದಳು. ಮರುದಿನ ಬೆಳಿಗ್ಗೆ ಹೋದಳು.

ಮಣ್ಣು ಮಾಡಬೇಕಾದದ್ದು ಗಂಡನ ಮನೆಯವರ ಹೊಲದಲ್ಲಿ, ಉಮರ್ಗಾದಲ್ಲಿ, ಹೊತ್ತು ಮುಳುಗುವುದರೊಳಗೆ. ಬಸ್ಸಿನವರು ಹೆಣ ಹಾಕಿಕೊಳ್ಳುವುದಿಲ್ಲ. ಎತ್ತಿನ ಗಾಡಿ ಹೊತ್ತಿಗೆ ಮುಟ್ಟುವುದಿಲ್ಲ. ವೈಜನಾಥ ಅಂಗಳದಲ್ಲಿ ನಿಂತು ಸುಮ್ಮನೆ ಆ ಸಣ್ಣ ಗಾಡಿಯನ್ನು ನೋಡಿದ. ಲಿಂಗವಂತರ ಮನೆಯಲ್ಲಿ ಹೋದವರನ್ನು ಮಲಗಿಸಿ ಒಯ್ಯುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಹೊಸ ಅರಿವೆ ಉಡಿಸಿ, ಅಂಗೈಯಲ್ಲಿ ಲಿಂಗ ಇಟ್ಟು, ಕೂಡಿಸಿಯೇ ವಿಮಾನದಲ್ಲಿ ಒಯ್ಯುತ್ತಾರೆ. ವಿಮಾನವೆಂದರೆ ಬಿದಿರಿನಿಂದ ಕಟ್ಟಿ ಹೂ ಹಾಕಿದ ಪೀಠ.

“ಭಾವಾ,” ಎಂದ ವೈಜನಾಥ, “ಕೂಡಿಸೋದೇ ಅದ ಅಂದಮ್ಯಾಲ...”

ಮಾತು ಪೂರಾ ಮಾಡಲಿಲ್ಲ. ರೇವಣಸಿದ್ಧ ಟಪ ಹಿಂದಕ್ಕೆ ಸುತ್ತಿದ.

ಹೀಗೆ ಶಿವಗಂಗಾಬಾಯಿ ತಾನೇ ಹೊಲಿದ ಗವಸಿನ ಮೇಲೆ, ಹಸಿರು ಸೀರೆ ಉಟ್ಟು, ಗಂಡನ ಬಾಜೂಕ ಕೂತಳು. ಬೀಳದಿರಲೆಂದು ಶಾಲು ಸುತ್ತಿದ್ದರು. ಆ ಗಾಡಿಯ ಬಾಗಿಲು ಮುಂದಿನಿಂದ ಹಿಂದಕ್ಕೆ ತೆರೆಯುವಂಥದು. ಚಿಲಕ ಸಡಿಲಾದರೆ ಗಾಳಿಗೆ ತಾನೇ ಹಾರಿಕೊಳ್ಳುತ್ತದೆ. ಎಡಗಡೆಯ ಚಿಲಕ ಸಡಿಲವೇ ಇತ್ತು. ಎಲ್ಲಿ ತೆರೆದುಕೊಂಡೀತೋ, ಎಲ್ಲಿ ಆಕೆ ವಾಲಿಯಾಳೋ ಎಂದು ಅವನ ಜೀವ ಹಿಡಿಯಷ್ಟಾಗಿತ್ತು. ಒಂದು ಕೈಯಲ್ಲಿ ಚಕ್ರ, ಇನ್ನೊಂದು ಕೈಯಲ್ಲಿ ಆಕೆಯ ಹಾರುವ ಸೆರಗು. ವೈಜನಾಥ ಮತ್ತು ಮನೆಮಂದಿ ಹಿಂದಿನಿಂದ ಬಸ್ಸಿಗೆ ಬರುವವರಿದ್ದರು. ದಾರಿಯುದ್ದಕ್ಕೂ ಇವರಿಬ್ಬರೇ.

ಆ ದಾರಿಯಲ್ಲಿ ರೇವಣಸಿದ್ಧ ಹೆಂಡತಿಯ ಕೂಡ ಮಾತಾಡಿದ. ಲಗ್ನವಾದಂದಿನಿಂದ ಅಷ್ಟು ಹೊತ್ತು ಒಂದೇ ಸಮನೆ ಮಾತಾಡಿರಲಿಲ್ಲ. ‘ಅಲ್ನೋಡು, ಅದು ಕಾಸಾರ ಸಿರಸಿ. ಅಲ್ಲಿ ಚಹಾ ಚಲೋ ಮಾಡ್ತಾರ.’ ‘ಎಡಕ್ಕ ನೋಡು, ಕುಸುಬಿ ಎಷ್ಟ ಛಂದ ಹೂ ಬಿಟ್ಟದ.’ ಇಳಿಜಾರಿನಲ್ಲಿ ಗಾಡಿ ಜೋರು ಹಿಡಿದಾಗ, ‘ಹೆದರಿಕಿ ಆಗ್ಲಕತ್ತದೇನು?’ ಎಂದು ಕೇಳಿದ. ಕೇಳಿದ ಮೇಲೆ ಉತ್ತರಕ್ಕೆಂದು ಸ್ವಲ್ಪ ಹೊತ್ತು ಸುಮ್ಮನಿದ್ದ ಕೂಡ. ರೂಢಿ ಅಂಥದು.

ಗಾಡಿ ಪೇಟೆಗೆ ಬಂದಾಗ ಅಂಗಡಿಗಳವರು ಎದ್ದು ನಿಂತರು. ಹೆಣ್ಣುಮಕ್ಕಳು ಕೈ ಮುಗಿದರು. ಎಷ್ಟು ಲಕ್ಷಣವಾಗಿ ಕೂತು ಬಂದಳೆಂದರೆ, ಆಕೆ ಜೀವಂತ ಕೂತು ಬಂದಿದ್ದರೆ ನೋಡಿ ನಗುತ್ತಿದ್ದ ಜನ ಈಗ ನೋಡಿ ಕಣ್ಣೊರೆಸಿಕೊಂಡರು. “ನನ್ನ ಸೊಸಿ ರಾಣಿ ಕುಂತಂಗ ಕುಂತು ಬಂದ್ಳು,” ಎಂದು ಪ್ರಯಾಗಬಾಯಿ ಎದೆ ಎದೆ ಬಡಿದುಕೊಂಡಳು.

ಇಲ್ಲಿಯ ತನಕ ನಡೆದದ್ದು ದೈವ. ಮುಂದಿನದು ರೇವಣಸಿದ್ಧ ತಾನಾಗಿ ಮಾಡಿಕೊಂಡದ್ದು.

ಪೇಟೆಯ ಹಿರಿಯ ಧಾನ್ಯ ವ್ಯಾಪಾರಿ ಕಲ್ಯಾಣಪ್ಪ ಹಾಸಿಗೆ ಹಿಡಿದಿದ್ದ. ಒಂದು ದಿನ ಹೇಳಿಕಳಿಸಿದ. ಹೋದರೆ ಕೈ ಹಿಡಿದುಕೊಂಡು, “ತಮ್ಮಾ, ನನ್ನೂ ಹಂಗೇ ಒಯ್ಯಪ್ಪಾ. ಬಿದಿರಿನ ವಿಮಾನ ಬ್ಯಾಡ. ನಿನ್ನ ಗಾಡ್ಯಾಗ ಗಾಳಿ ಕುಡಕೋತ ಹೋಗ್ತೀನಿ,” ಎಂದ. ರೇವಣಸಿದ್ಧನಿಗೆ ಒಳಗೊಳಗೇ ಏನೋ ಸಮಾಧಾನವಾಯಿತು. ಹೆಂಡತಿ ಕೂತ ಜಾಗಕ್ಕೆ ಬಂದ ಮರ್ಯಾದೆ ಅದು ಎಂದುಕೊಂಡ. ಹೂಂ ಅಂದ. ಕಲ್ಯಾಣಪ್ಪ ಹಾಗೇ ಹೋದ. ಹೂ ಹಾಕಿದ ಇಲಿ ಗಾಡಿ ಮುಂದೆ, ಭಜನೆಯ ಮಂದಿ ಹಿಂದೆ. ಊರು ಬೆರಗಾಗಿ ನೋಡಿತು.

ಒಬ್ಬರಿಗೆ ಹೂಂ ಅಂದವನು ಇನ್ನೊಬ್ಬರಿಗೆ ಇಲ್ಲ ಅನ್ನುವುದು ಹೇಗೆ? ಲಿಂಗವಂತರ ಮನೆಗಳಲ್ಲಿ ಯಾರಾದರೂ ಹಿರಿಯರು ಹೋದರೆ ಮೊದಲು ಐನೋರಿಗೆ ಹೇಳಿಕೆ, ಆಮೇಲೆ ರೇವಣಸಿದ್ಧನಿಗೆ. ತುರೋರಿಯಿಂದ ಕೇಳಿಬಂದರು, ಮಾಕಣಿಯಿಂದ ಕೇಳಿಬಂದರು. ಇಲಿ ಗಾಡಿ ಎನ್ನುತ್ತಿದ್ದವರು ಈಗ ‘ವಿಮಾನ’ ಎನ್ನತೊಡಗಿದರು. ಈ ಜನಕ್ಕೆ ಸಾವಿನ ಸೂತಕವಿಲ್ಲ, ಹಾಗಾಗಿ ಗಾಡಿಯನ್ನು ಕಂಡು ಯಾರೂ ಅಸಹ್ಯ ಪಡಲಿಲ್ಲ. ಅಸಹ್ಯ ಪಟ್ಟಿದ್ದರೆ ಒಳ್ಳೆಯದಿತ್ತು. ಅವರು ಆ ಸೀಟಿಗೆ ಕೈ ಮುಟ್ಟಿಸಿ ಕಣ್ಣಿಗೆ ಒತ್ತಿಕೊಂಡರು. ಶಿವನ ಮನೆಗೆ ಹೋಗುವವರು ಕೂಡುವ ಜಾಗದಲ್ಲಿ ಸಂತೆಗೆ ಹೋಗುವವರು ಕೂತಾರೆಯೇ?

ಪ್ರತಿಸಲವೂ ಹೊಲದ ತನಕ ಗಾಡಿಯ ಸುತ್ತ ಮಂದಿಯೋ ಮಂದಿ. ತಿರುಗಿ ಬರುವಾಗ ಅವರೆಲ್ಲ ಅಡ್ಡದಾರಿ ಹಿಡಿದು ನಡೆದೇ ಹೋಗುತ್ತಿದ್ದರು. ಬಾಜೂಕಿನ ಹಸಿರು ಗವಸಿನ ಮೇಲೆ ಉದುರಿದ ಚೆಂಡುಹೂವಿನ ಎಸಳು, ವಿಭೂತಿ ಪುಡಿ. ‘ಆಹಿಸ್ತಾ, ಆಹಿಸ್ತಾ’ ಎಂದುಕೊಳ್ಳುತ್ತ ಅವನೊಬ್ಬನೇ ಬರುತ್ತಿದ್ದ.

ಯೆಣೆಗೂರದ ಚಹಾ ನಿಂತಿತು. ಗಾಡಿ ಹೊರಗೆ ತೆಗೆದರೆ ಸಾಕು, ಎದುರಿನ ಅಂಗಡಿಯವರು ಎದ್ದು ನಿಂತು, ‘ಯಾರ್ರೀ? ಯಾರ ಮನ್ಯಾಗ?’ ಎಂದು ಕೇಳುವರು. ‘ಯಾರೂ ಇಲ್ರಿ, ಸುಮ್ಮನ ಹೊಂಟೀನಿ’ ಎಂದರೆ ನಂಬುವುದಿಲ್ಲ. ಒಮ್ಮೆ ಒಂದು ಓಣಿಯಲ್ಲಿ ನೀರು ಕಾಯಿತೆಂದು ಎಂಜಿನ್ ತಂಪಾಗಲು ನಿಲ್ಲಿಸಿದ್ದಕ್ಕೆ ಎದುರಿನ ಮನೆಯ ಮುದುಕಿ ಹಾಸಿಗೆಯಿಂದ ಎದ್ದು ಬಂದು, “ನಾ ಇನ್ನಾ ಇದೀನೋ ಯಪ್ಪಾ, ಮುಂದ ಹೋಗು,” ಎಂದಳು. ಓಣಿಯೆಲ್ಲ ನಕ್ಕಿತು. ಅವನೂ ನಕ್ಕ. ಮನೆಗೆ ಬಂದು ಗಾಡಿಯ ಮೇಲೆ ಥಾನಿನಿಂದ ಹರಿದ ಮಾದರಪಾಟಿನ ದಪ್ಪ ಅರಿವೆ ಹೊಚ್ಚಿದ.

ಹೀಗಿರುವಾಗ ಉದಗೀರದ ಡಾಕ್ಟರ್ ಅಂಬಾದಾಸರಾವ್ ಬಂದದ್ದು. ಸೋಲಾಪುರಕ್ಕೆ ಹೋಗುವ ದಾರಿಯಲ್ಲಿ ಚಹಾಕ್ಕೆ ನಿಂತವರು ಅಂಗಡಿಯ ಮುಂದೆ ಹೊಚ್ಚಿದ ಅರಿವೆಯ ಕೆಳಗಿನಿಂದ ಕಾಣುತ್ತಿದ್ದ ಗಾಲಿಯನ್ನು ನೋಡಿದರು. ಕೇಳದೆ ಹೇಳದೆ ಅರಿವೆ ಎತ್ತಿದರು.

“ಅರೇ ವ್ಹಾ! ಟೋಪೋಲಿನೋ! ಯಾರದ್ರೀ ಈ ಗಾಡಿ? ಇಂಥಾದ್ದು ಇಲ್ಲಿ ಅದ ಅಂತ ನಮಗ ಯಾರಿಗೂ ಗೊತ್ತೇ ಇಲ್ಲ!”

ಅವರ ಮನೆಮಾತು ಮರಾಠಿ, ಆದರೆ ಬೀದರದಲ್ಲಿ ಬೆಳೆದವರಾದ್ದರಿಂದ ಕನ್ನಡ ಸಲೀಸು. ಗಾಡಿಯ ಸುತ್ತ ಮಕ್ಕಳಂತೆ ಸುತ್ತಿದರು, ಬಗ್ಗಿ ಹೊಟ್ಟೆ ನೋಡಿದರು, ಎಂಜಿನ್ ಸದ್ದಿಗೆ ಕಣ್ಣು ಮುಚ್ಚಿ ನಿಂತರು. ಹೋದವರ ಬಗ್ಗೆ ಯಾರಾದರೂ ಹೇಳಿಯಾರು ಎಂದು ರೇವಣಸಿದ್ಧ ಅತ್ತಿತ್ತ ನೋಡಿದ. ಪುಣ್ಯಕ್ಕೆ ಯಾರೂ ಇರಲಿಲ್ಲ.

ಉದಗೀರ, ನಿಲಂಗಾದ ಕಡೆ ಇಟಲಿಯ ಹಳೆ ಗಾಡಿ ಇಟ್ಟುಕೊಂಡ ಕೆಲವರು ಸೇರಿ ಒಂದು ಮಂಡಳಿ ಮಾಡಿದ್ದರಂತೆ. ಡಾಕ್ಟರರದು ಬಲಿಲ್ಲಾ ಎಂಬ ಹಳೆಯ ಫಿಯೆಟ್, ನಿಲಂಗಾದ ವಕೀಲರದು ಲಾನ್ಸಿಯಾ. ಮುಂಬೈಯಿಂದ ಬಿಡಿಭಾಗ ತರಿಸಬೇಕಾದರೆ ಎಲ್ಲರಿಗೂ ಕೂಡಿಯೇ ತರಿಸುವುದು. ಹವೆ ಚೆನ್ನಾಗಿದ್ದರೆ ಐತವಾರ ಎಲ್ಲ ಗಾಡಿ ಸಾಲಾಗಿ ಎಲ್ಲಿಗಾದರೂ ಹೋಗಿ, ಉಂಡು, ಬರುವುದು.

“ಹೋಗಿ ಏನ್ ಮಾಡ್ತೀರಿ?” ಎಂದ ರೇವಣಸಿದ್ಧ.

“ಏನೂ ಮಾಡಂಗಿಲ್ರಿ. ಗಾಡಿ ನೋಡ್ಕೋತ ಊಟ ಮಾಡ್ತೀವಿ.”

ಕೆಲಸವಿಲ್ಲದೆ ಗಾಡಿ ತೆಗೆಯುವವರು ಲೋಕದಲ್ಲಿ ಇನ್ನೂ ಇದ್ದಾರೆ! ರೇವಣಸಿದ್ಧ ಅಲ್ಲೇ ಮಂಡಳಿಯ ಸದಸ್ಯನಾದ. ಡಾಕ್ಟರರು ತಮ್ಮ ಕೈಚೀಲದಿಂದ ಹಿತ್ತಾಳೆಯ ಬಿಲ್ಲೆ ತೆಗೆದುಕೊಟ್ಟರು. ನಡುವೆ ಒಂದು ಗಾಲಿ, ಸುತ್ತ ‘ಇಟಲಿ ಮೋಟಾರ್ ಮಂಡಳಿ’ ಎಂದು ನಾಗರಿಯಲ್ಲಿ ಬರೆದಿತ್ತು.

“ಬರೋ ಐತವಾರ ಖರೋಸಾದ ಗವಿಗೆ ಹೊಂಟೀವಿ. ನಿಲಂಗಾದಾಗ ಕೂಡೋದು. ಮತ್ತ ನೆನಪಿಡ್ರಿ, ಜೋಡಿದಾರ ಬೇಕು.”

“ಜೋಡಿದಾರ?”

“ಗಾಡಿಗೆ ಇಬ್ಬರು. ವಕೀಲರು ಹೋದ ಸಲ ಒಬ್ಬರೇ ಹೋಗಿ ಮಾಂಜರಾ ಹೊಳಿ ಉಸುಕಿನಾಗ ಸಿಕ್ಕೊಂಡು ಸಂಜಿ ತನಕಾ ಕುಂತಿದ್ರು. ಹಳೇ ಗಾಡಿ ನೋಡ್ರಿ, ಹ್ಯಾಂಡಲ್ ಹೊಡಿಯಾಕ ಒಬ್ಬ, ಗಾಲಿಗೆ ಕಲ್ಲ ಇಡಾಕ ಒಬ್ಬ. ಒಂಟಿ ಗಾಡಿ ಸಾಲಿನಾಗ ಬರಂಗಿಲ್ಲ. ಇದೊಂದೇ ನಮ್ಮ ನಿಯಮ.” ನಗುತ್ತ ಎಡಗಡೆಯ ಸೀಟನ್ನು ತಟ್ಟಿದರು. “ಎಷ್ಟ ಛಂದ ಗವಸು! ಮನೆಯವರನ್ನ ಕರಕೊಂಡ ಬರ್ರಿ.”

ಮನೆಯವರು ಇಲ್ಲ ಎಂದು ಹೇಳಲು ಅವನಿಗೆ ನಾಲಿಗೆ ಏಳಲಿಲ್ಲ.

ಬಿಲ್ಲೆಯನ್ನು ಗಾಡಿಯ ಮೂತಿಗೆ ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿದ. ಒಬ್ಬರು ಬೇಕು. ಊರಲ್ಲಿ ಇಷ್ಟು ಮಂದಿ ಇದ್ದಾರೆ, ಒಬ್ಬರು ಬಾಜೂಕ ಕೂತರೆ ಸಾಕು.

ಮೊದಲು ಪಕ್ಕದ ಕಿರಾಣಿ ಅಂಗಡಿಯ ಬಸವಣ್ಣೆಪ್ಪನನ್ನು ಕೇಳಿದ. ಸಣ್ಣವರಿದ್ದಾಗಿನಿಂದ ಗೆಳೆಯ.

“ಐತವಾರ ಖರೋಸಾಕ್ಕ ಬಾರೋ. ಊಟಾ ಅವರದೇ ಅದ.”

“ಯಾವದರಾಗ?” ಬಸವಣ್ಣೆಪ್ಪ ಬೆಲ್ಲದ ಮೇಲಿನ ನೊಣ ಹೊಡೆಯುತ್ತ ಕೇಳಿದ.

“ಮತ್ಯಾವದರಾಗ? ಇದರಾಗೇ.”

“ನನಗ್ಯಾಕೋ ಇಷ್ಟ ಅವಸರ ಮಾಡ್ತಿ? ಇನ್ನಾ ಸಣ್ಣ ಮಗಳ ಲಗ್ನ ಆಗಿಲ್ಲ.”

“ಚೇಷ್ಟಿ ಬ್ಯಾಡ. ಖರೇ ಕೇಳ್ಲಕತ್ತೀನಿ.”

ಬಸವಣ್ಣೆಪ್ಪನ ನಗು ಹೋಯಿತು. “ಖರೇ ಹೇಳ್ಲ್ಯಾ? ನಮ್ಮಪ್ಪನ್ನ ನೀ ಅದರಾಗ ಒಯ್ದೀದಿ. ನಮ್ಮಪ್ಪ ಕುಂತ ಜಾಗಾದ ಮ್ಯಾಲ ನಾ ಹೆಂಗ ಕುಂದ್ರಲಿ? ನನ್ನ ಕಾಲ ಮುಂದ ಹೋಗಂಗಿಲ್ಲೋ. ಬಸ್ಸಿಗೆ ಹೋಗೋಣು ನಡಿ, ತಿಕೀಟು ನಾ ತೆಗೀತೀನಿ.”

ಬಸ್ಸಿಗೆ ಹೋಗಿ ಮಾಡುವುದೇನು? ಇನ್ನೊಬ್ಬಿಬ್ಬರನ್ನು ಕೇಳಿದ. ಒಬ್ಬರಿಗೆ ಸೊಂಟನೋವು, ಒಬ್ಬರ ಮನೆಗೆ ಬೀಗರು. ಯಾರೂ ಎದುರಾಡಲಿಲ್ಲ, ಎಲ್ಲರೂ ಅವನಿಗೆ ಚಹಾ ಕುಡಿಸಿ ಕಳಿಸಿದರು.

ಶನಿವಾರ ಸಂಜೆ ತಾಯಿಯ ಎದುರು ಕೂತ. ಪ್ರಯಾಗಬಾಯಿ ಮೊರದಲ್ಲಿ ತೊಗರಿಬೇಳೆ ಹರಡಿಕೊಂಡಿದ್ದಳು.

“ಅವ್ವಾ, ನಾಳಿ ನೀ ಬರ್ತಿಯೇನು? ನಿಲಂಗಾಕ್ಕ ಹೋಗಿ ಹಂಗೇ ಖರೋಸಾ. ಗವಿಯೊಳಗ ಮಹಾದೇವರ ದರ್ಶನಾನೂ ಆಗ್ತದ.”

“ಗಾಡ್ಯಾಗೇನು?”

“ಹೂಂ.”

ಮೊರದಲ್ಲಿ ಆಕೆಯ ಬೆರಳು ನಿಂತಿತು. “ನಾ ಅದರಾಗ ಒಮ್ಮೆನೇ ಕೂಡಾಕಿ. ಅದನ್ನ ನಿನಗ ಹೇಳೀನಲ್ಲ.”

“ಆ ಮಾತ ಬಿಡವ್ವಾ ನೀನು. ಈಗ ಕುಂತ್ರ ಏನಾಗ್ತದ?”

“ಏನೂ ಆಗಂಗಿಲ್ಲಪ್ಪಾ. ಆದ್ರ ಜೀವ ಇದ್ದಾಗ ಸೊಸಿಗೆ ಸಿಗಲಿಲ್ಲ ಆ ಜಾಗಾ. ಈ ಬಾಗಿಲದಾಗ ನಾ ಕುಂತೀನಂತೇಳಿ ಸಿಗಲಿಲ್ಲ. ಈಗ ನಾ ಜೀವ ಇಟ್ಕೊಂಡು ಅದರಾಗ ಕುಂತು ಮೆರಕೋತ ಹೋಗ್ಲ್ಯಾ?” ಬೇಳೆಯಿಂದ ಒಂದು ಹರಳು ಆರಿಸಿ ಹೊರಗೆ ಎಸೆದಳು. “ನೀ ಹೋಗಿ ಬಾ. ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಡ್ತೀನಿ.”

ಬೆಳಿಗ್ಗೆ ಒಬ್ಬನೇ ಹೊರಟ. ಬಿಲ್ಲೆ ತಿರುಗಿ ಕೊಟ್ಟು ಬರುವುದು, ಅಷ್ಟೇ ಎಂದುಕೊಂಡಿದ್ದ. ಚಳಿ ಇನ್ನೂ ಬಿಟ್ಟಿರಲಿಲ್ಲ. ಕಾಸಾರ ಸಿರಸಿಯಲ್ಲಿ ನಿಲ್ಲಬೇಕೆಂದವನು ನಿಲ್ಲಲಿಲ್ಲ. ನಿಂತರೆ ಜನ ಬರುತ್ತಾರೆ, ಯಾರೆಂದು ಕೇಳುತ್ತಾರೆ. ಇಳಿಜಾರಿನಲ್ಲಿ ಎಡಗಡೆಯ ಬಾಗಿಲು ಕಟಕಟ ಎಂದಿತು. ಖಾಲಿ ಸೀಟಿನ ಬಾಗಿಲಾದರೂ ಕೈ ಚಾಚಿ ಹಿಡಿದುಕೊಂಡ.

ನಿಲಂಗಾದಲ್ಲಿ ವಕೀಲರ ಮನೆಯ ಮುಂದೆ ಬೇವಿನ ನೆರಳಿಗೆ ಗಾಡಿಗಳು ನಿಂತಿದ್ದವು. ಕಪ್ಪನೆಯ ಬಲಿಲ್ಲಾ, ಉದ್ದ ಮೂತಿಯ ಲಾನ್ಸಿಯಾ. ಅವನ್ನು ಕಂಡ ಕೂಡಲೇ ರೇವಣಸಿದ್ಧ ಬಂದ ಕೆಲಸ ಮರೆತ. ಡಾಕ್ಟರರು ಓಡಿ ಬಂದರು. ವಕೀಲರು ಟೋಪೋಲಿನೋದ ದೀಪ ಸವರಿ, “ಇಲಿ ಬಂತು, ಇನ್ನ ಬೆಕ್ಕು ಹುಡುಕಬೇಕು,” ಎಂದರು. ಬಲಿಲ್ಲಾದ ಚಕ್ರದ ಹಿಂದೆ ಕೂತಿದ್ದವರು ಡಾಕ್ಟರರ ಹೆಂಡತಿ ಸುಮನಬಾಯಿ. ಗಾಳಿಗೆ ಸೆರಗು ಹಾರದಂತೆ ಸೊಂಟಕ್ಕೆ ಸಿಕ್ಕಿಸಿ, ಕೈಯಲ್ಲಿ ಹ್ಯಾಂಡಲ್ ಹಿಡಿದು ಇಳಿದರು. ಹೆಂಗಸರು ಗಾಡಿ ನಡೆಸುವುದನ್ನು ಅವನು ನೋಡಿದ್ದು ಅಂದೇ. ನೋಡಬಾರದೆಂದುಕೊಂಡರೂ ಮತ್ತೆ ಮತ್ತೆ ಆ ಕಡೆಗೇ ನೋಡಿದ.

“ನಿಮ್ಮ ಮನೆಯವರೆಲ್ರಿ?” ಎಂದರು ಸುಮನಬಾಯಿ.

ಸುಳ್ಳು ಹೇಳಲು ಜಾಗವಿರಲಿಲ್ಲ. ರೇವಣಸಿದ್ಧ ಬಿಲ್ಲೆ ಬಿಚ್ಚುತ್ತ ಎಲ್ಲ ಹೇಳಿದ. ಈ ಊರಿನಿಂದಲೇ ಹೆಂಡತಿಯನ್ನು ಕೂಡಿಸಿ ಒಯ್ದದ್ದು, ಆಮೇಲೆ ಕಲ್ಯಾಣಪ್ಪ, ಆಮೇಲೆ ಉಳಿದವರು. ಊರಲ್ಲಿ ಯಾರೂ ಕೂಡುವುದಿಲ್ಲ, ಜೋಡಿದಾರ ಸಿಗುವುದಿಲ್ಲ. “ನಿಮ್ಮ ನಿಯಮ ಮುರಿಯೋದು ಬ್ಯಾಡ್ರಿ. ಗಾಡಿ ನೋಡಿದ್ನಲ್ಲ, ಸಾಕು.”

ಡಾಕ್ಟರರು ತಲೆಯ ಮೇಲಿನ ಟೊಪ್ಪಿಗೆ ತೆಗೆದು ಹೆಂಡತಿಯ ಕೈಗೆ ಕೊಟ್ಟರು.

“ಹೋದವರ ಬಾಜೂಕ ಕುಂತೇ ನನ್ನ ತಲಿ ಬೆಳ್ಳಗಾಗ್ಯದ್ರಿ. ನನಗೇನದ? ನಾ ಕುಂದರ್ತೀನಿ. ಸುಮನ, ವಕೀಲರ ಗಾಡ್ಯಾಗ ಮೂವರದಾರ, ಅವರ ಅಕ್ಕಾರನ್ನ ನಿನ್ನ ಕೂಡ ಕರಕೋ.”

ಎಡಗಡೆಯ ಬಾಗಿಲು ತೆರೆದು ಒಂದು ಕಾಲು ಒಳಗಿಟ್ಟರು.

“ಬ್ಯಾಡ್ರಿ!”

ಅಷ್ಟು ಜೋರಾಗಿ ಕೂಗಿದವನು ತಾನೇ ಎಂದು ರೇವಣಸಿದ್ಧನಿಗೆ ಕ್ಷಣ ತಿಳಿಯಲಿಲ್ಲ. ಡಾಕ್ಟರರು ಕಾಲು ಹಿಂದಕ್ಕೆ ತೆಗೆದರು. ಇಷ್ಟು ದಿನ ಯಾರಾದರೂ ಕೂಡಲಿ ಎಂದು ಅಂಗಡಿ ಅಂಗಡಿ ತಿರುಗಿದವನು ಅವನೇ. ಈಗ ಒಬ್ಬ ಒಳ್ಳೆಯ ಮನುಷ್ಯ ಕೂಡಲು ಬಂದರೆ ಬೇಡವೆನ್ನುವವನೂ ಅವನೇ. ಊರ ಮಂದಿ ಬೇಡವೆಂದಾಗಲೆಲ್ಲ ಹೊಟ್ಟೆಯೊಳಗೆ ಬೇಸರದ ಜೊತೆ ಏನೋ ಹಗುರವೂ ಆಗುತ್ತಿತ್ತು. ಅದು ಏನೆಂದು ಈಗ ತಿಳಿಯಿತು. ಹೋದವರಿಗೆ ಆ ಸೀಟು ಬಿಟ್ಟುಕೊಟ್ಟಿದ್ದ, ಯಾಕೆಂದರೆ ಅವರು ಇಳಿದು ಹೋಗುತ್ತಿದ್ದರು. ಉಸಿರಾಡುವವರು ಕೂತರೆ ಮಾತಾಡುತ್ತಾರೆ, ನಗುತ್ತಾರೆ, ಸೀಟು ಅವರದಾಗುತ್ತದೆ.

“ಅದು ಆಕಿದ್ರಿ,” ಎಂದ, ಮೆಲ್ಲಗೆ.

ಡಾಕ್ಟರರು ಅವನನ್ನು ನೋಡಿದರು, ಗವಸನ್ನು ನೋಡಿದರು. ಗಾಡಿಯ ಮುಂದಿನಿಂದ ಸುತ್ತು ಹಾಕಿ ಬಲಗಡೆಯ ಬಾಗಿಲಿಗೆ ಬಂದರು.

“ಹಂಗಾದ್ರ ನೀವು ಕುಂದ್ರಿ ಅಲ್ಲಿ. ಗಾಡಿ ನಾ ನಡಸ್ತೀನಿ. ನಿಮ್ಮದೇ ಗಾಡಿ, ನೀವು ಎಂದಾದ್ರೂ ಆ ಕಡಿ ಕುಂತೀರೇನು?”

ಇಲ್ಲ. ಒಮ್ಮೆಯೂ ಇಲ್ಲ. ಬೇರೆ ಯಾರಿಗೂ ಅವನು ಚಕ್ರ ಕೊಟ್ಟವನೇ ಅಲ್ಲ. ರೇವಣಸಿದ್ಧ ಬಿಲ್ಲೆಯನ್ನು ತಿರುಗಿ ಕಟ್ಟಿದ. ಕಾಲ್ಮರಿ ಕಳಚಿ, ಹಸಿರು ಗವಸಿಗೆ ಕೈ ಮುಟ್ಟಿಸಿ ಕಣ್ಣಿಗೆ ಒತ್ತಿಕೊಂಡು, ಒಳಗೆ ಕೂತ.

ಸಾಲು ಹೊರಟಿತು. ಊರು ದಾಟಿದ ಮೇಲೆ ಗಾಳಿ ಮುಖಕ್ಕೆ ನೇರ ಬಡಿಯಿತು. ಈ ಕಡೆ ಚಕ್ರವಿಲ್ಲ, ಕಾಲ ಕೆಳಗೆ ಏನೂ ಇಲ್ಲ. ಕೈಗಳಿಗೆ ಏನು ಮಾಡಬೇಕೆಂದು ತಿಳಿಯದೆ ಅವನ್ನು ತೊಡೆಯ ಮೇಲೆ ಒಂದರೊಳಗೊಂದು ಇಟ್ಟುಕೊಂಡ. ಸೀಟಿನ ಸ್ಪ್ರಿಂಗ್ ಒಂದು ಕಡೆ ತುಸು ಇಳಿದಿತ್ತು, ಹಾಗಾಗಿ ಮೈ ತಾನೇ ನಡೆಸುವವನ ಕಡೆಗೆ ವಾಲುತ್ತಿತ್ತು. ಆಕೆ ಬಾಗಿಲ ಕಡೆ ಬಿದ್ದಾಳೋ ಎಂದು ಎಷ್ಟು ಹೆದರಿದ್ದ! ಬೀಳುವಂತೆಯೇ ಇರಲಿಲ್ಲ.

ಇಷ್ಟು ವರ್ಷ ಅವನಿಗೆ ರಸ್ತೆಯೇ ಕಂಡದ್ದು. ಈ ಕಡೆಯಿಂದ ರಸ್ತೆ ಕಾಣುವುದೇ ಇಲ್ಲ. ಹೊಲ ಕಾಣುತ್ತದೆ. ಕುಸುಬಿಯ ಹಳದಿ, ಎತ್ತು ಹೂಡಿ ಬಾವಿಯ ನೀರೆತ್ತುವವನ ಬೆನ್ನು, ಬದುವಿನ ಮೇಲೆ ಕೂತು ರೊಟ್ಟಿ ಮುರಿಯುವ ಹೆಂಗಸು.

ಡಾಕ್ಟರರು ಒಂದೇ ಸಮನೆ ಮಾತಾಡುತ್ತಿದ್ದರು. “ಎಡಕ್ಕ ನೋಡ್ರಿ, ಎಂಥಾ ಕುಸುಬಿ ಅದ! ಗೇರ್ ಭಾಳ ಮೆತ್ತಗ ಅವ ನಿಮ್ಮವು... ಮುಂದ ಒಂದು ಊರು ಬರ್ತದ, ಅಲ್ಲಿ ಪೇರಲಹಣ್ಣು ಚಲೋ ಸಿಗ್ತಾವ.” ಉತ್ತರ ಬರದಿದ್ದುದಕ್ಕೆ ತಿರುಗಿ ನೋಡಿದರು. “ಯಾಕ್ರೀ, ಸುಮ್ಮನ ಕುಂತ್ರಿ?”

“ಈ ಸೀಟಿನಾಗ ಕುಂತವರು ಯಾರೂ ಮಾತಾಡಿಲ್ರಿ,” ಎಂದ ರೇವಣಸಿದ್ಧ.

ಡಾಕ್ಟರರು ನಗಬೇಕೋ ಬಾರದೋ ಎಂದು ನೋಡಿ, ನಕ್ಕರು. ಆಗ ಇಳಿಜಾರು ಬಂತು. ಗಾಡಿ ಜೋರು ಹಿಡಿಯಿತು, ಬಾಗಿಲು ಕಟಕಟ ಎಂದಿತು, ಹೆಗಲ ಮೇಲಿನ ವಲ್ಲಿ ಹಾರಿ ಹಿಂದಕ್ಕೆ ಬಡಿಯಿತು.

“ಹೆದರಿಕಿ ಆಗ್ಲಕತ್ತದೇನ್ರಿ?” ಎಂದು ಡಾಕ್ಟರರು ಗಾಳಿಯಲ್ಲಿ ಕೂಗಿದರು.

ರೇವಣಸಿದ್ಧ ಎಡಕ್ಕೆ ನೋಡಿದ. ಹೊಲಗಳು ಹಳದಿಯಾಗಿ ಹಿಂದಕ್ಕೆ ಹೋಗುತ್ತಿದ್ದವು.

“ಇಲ್ಲ,” ಎಂದ. ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಜೋರಾಗಿ, “ಇಲ್ಲ!” ಎಂದ.

ಖರೋಸಾದಲ್ಲಿ ಗಾಡಿಗಳನ್ನು ಗುಡ್ಡದ ಬುಡಕ್ಕೆ ಸಾಲಾಗಿ ನಿಲ್ಲಿಸಿ, ಅವನ್ನು ನೋಡುತ್ತ ಉಂಡರು. ಪ್ರಯಾಗಬಾಯಿಯ ಪುಂಡಿಪಲ್ಯಕ್ಕೆ ವಕೀಲರು ಎರಡು ಸಲ ಕೈ ಒಡ್ಡಿದರು. ಎಲ್ಲರೂ ಒಳ್ಳೆಯವರು. ಎಲ್ಲರೂ ಇಬ್ಬಿಬ್ಬರು. ಸಂಜೆ ನಿಲಂಗಾದಲ್ಲಿ ಅವರು ಉದಗೀರದ ದಾರಿ ಹಿಡಿದಾಗ ರೇವಣಸಿದ್ಧ ಬಲಗಡೆಗೆ ಬಂದು ಕೂತ. ಅಲ್ಲಿಂದ ಉಮರ್ಗಾದ ತನಕ ಮತ್ತೆ ರಸ್ತೆಯೇ ಕಂಡಿತು.

ದೀಪ ಹಚ್ಚುವ ಹೊತ್ತಿಗೆ ಮನೆ ಮುಟ್ಟಿದ. ಪ್ರಯಾಗಬಾಯಿ ತಲೆಬಾಗಿಲಲ್ಲಿ ಕಾಯುತ್ತ ಕೂತಿದ್ದಳು.

“ಸೇರಿಸ್ಕೊಂಡ್ರೇನು?”

“ಹೂಂ.”

“ಜೋಡಿಗೆ ಯಾರ ಕುಂತ್ರು?”

“ನಾನೇ ಕುಂತೆ, ಅವ್ವಾ. ಡಾಕ್ಟರು ನಡಸಿದ್ರು.”

“ಬಿಡ್ತು ಅನ್ನು!” ಎಂದು ಆಕೆ ಎದ್ದೇ ನಿಂತಳು. ಅವನ ತಲೆ, ಹೆಗಲು, ಕೈ ಸವರಿ ನೋಡಿದಳು, ಬಿದ್ದು ಎದ್ದು ಬಂದ ಕೂಸನ್ನು ನೋಡುವಂತೆ. ಏನೂ ಆಗಿಲ್ಲವೆಂದು ಖಾತ್ರಿಯಾದ ಮೇಲೆ ಹೊಸ್ತಿಲ ಮೇಲೆ ಮೆಲ್ಲಗೆ ಕೂತಳು. ಅವನು ಗಾಡಿಗೆ ಮಾದರಪಾಟು ಹೊಚ್ಚುತ್ತಿದ್ದ. ಎಡಗಡೆ ಹೊಚ್ಚುವಾಗ ಆಕೆ ಅಂದಳು:

“ಅವತ್ತ ಗಾಳಿಗೆ ಆಕಿ ಹೆದರಿರಬೇಕು ಅಂತ ನಾ ದಿನಾ ಅಂದ್ಕೋತೀನಿ. ಅಷ್ಟ ದೂರ. ಟಪಾನೂ ಇಲ್ಲ.”

ಅರಿವೆಯ ತುದಿ ಕೈಯಲ್ಲಿ ಹಿಡಿದು ರೇವಣಸಿದ್ಧ ತಿರುಗಿದ.

“ಇಲ್ಲವ್ವಾ,” ಎಂದ. “ಆ ಕಡಿ ಕುಂತ್ರ ಹೊಲ ಅಷ್ಟೇ ಕಾಣ್ತಾವ.”